ನೂರು ‘ಹೂಂ’

ಭಾನುವಾರ ಬೆಳಿಗ್ಗೆ ಎದ್ದವಳೇ ಡೈರಿಯಲ್ಲಿ ಒಂದು ಸಾಲು ಬರೆದೆ: ‘ನಿನ್ನೆ ಒಂದು ಹೂಂ ನೋಡದೆ ಅಂದುಬಿಟ್ಟೆ.’ ಬರೆದರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಅಪ್ಪ ಮಧುಕರ ಈ ಪರದೇಶದ ಊರಿನ ಔಷಧ ಕಾರ್ಖಾನೆಯೊಂದರಲ್ಲಿ ಮಾತ್ರೆ ವಿಭಾಗದ ಮ್ಯಾನೇಜರು. ಭಾನುವಾರ ಶೂಟಿಂಗ್ ಕ್ಲಬ್ಬಿಗೆ ಹೋಗುತ್ತಾರೆ. ಹಾರಿಸಿ ಖಾಲಿಯಾದ ತೋಟಾಗಳ ಹಿತ್ತಾಳೆ ಕೇಸುಗಳಿಗೆ ಮತ್ತೆ ಮದ್ದು ತುಂಬಿ, ಗುಂಡು ಕೂರಿಸುವ ಪ್ರೆಸ್ ಒಂದನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕೆಂಬುದು ಅವರ ಬಹಳ ದಿನದ ಆಸೆ. ಅನುಮತಿಯ ಕಾಗದ ಕೈಗೆ ಬರಲು ಒಂದು ವರ್ಷ ಹಿಡಿಯಿತು. ಬಂದ ವಾರವೇ ಲಂಗಾಟಾದ ನಮ್ಮ ಮನೆಯ ಸ್ಟೋರ್ ರೂಮು ಗುಡಿಸಿ ತೊಳೆದು, ನ್ಗಾರಾದ ಅಂಗಡಿಯಿಂದ ದಪ್ಪ ಬೋಲ್ಟು ತಂದು ಪ್ರೆಸ್ಸನ್ನು ಮೇಜಿಗೆ ಬಿಗಿದರು. ಅಲ್ಲಾಡೀತೆಂದು ಮೇಜನ್ನೂ ಗೋಡೆಗೆ ಬಿಗಿದರು.

ಪ್ರೆಸ್ಸಿನ ನಡುವೆ ಒಂದು ದುಂಡು ತಟ್ಟೆ, ಅದರಲ್ಲಿ ಐದು ಗೂಡು. ಹಿಡಿಯನ್ನು ಒಮ್ಮೆ ಎಳೆದರೆ ಐದು ಕೇಸುಗಳಿಗೆ ಐದು ಬೇರೆ ಬೇರೆ ಕೆಲಸ ಒಟ್ಟಿಗೇ ಆಗುತ್ತದೆ. ಆಮೇಲೆ ತಟ್ಟೆಯನ್ನು ಬೆರಳಿನಿಂದ ಒಂದು ಗೂಡು ಮುಂದಕ್ಕೆ ತಿರುಗಿಸಬೇಕು. ತಿರುಗಿಸದೆ ಮತ್ತೆ ಎಳೆದರೆ ಒಂದೇ ಕೇಸಿಗೆ ಎರಡು ಪಾಲು ಮದ್ದು ಬೀಳುತ್ತದೆ. ಅಂಥದ್ದನ್ನು ಹಾರಿಸಿದರೆ ಪಿಸ್ತೂಲು ಕೈಯಲ್ಲೇ ಒಡೆಯಬಹುದು.

“ಮದ್ದು ಬಿದ್ದ ಪ್ರತಿ ಕೇಸಿನೊಳಗೂ ನೀನು ಇಣುಕಿ ನೋಡು ಪುಟ್ಟಿ. ಸರಿ ಇದ್ರೆ ಹೂಂ ಅನ್ನು. ನಿನ್ನ ಹೂಂ ಕೇಳ್ದೆ ನಾನು ತಟ್ಟೆ ತಿರುಗ್ಸಲ್ಲ” ಎಂದರು ಅಪ್ಪ ನಿನ್ನೆ, ಕೆಲಸ ಶುರುಮಾಡುವ ಮುಂಚೆ.

ಮೈಸೂರಿನಲ್ಲಿ ಡಿಗ್ರಿ ಮುಗಿಸಿ ಬಂದು ಎಂಟು ತಿಂಗಳಾಗಿತ್ತು. ನನ್ನ ಬಾಯಿಂದ ಒಂದು ಮಾತು ಬರಲಿ ಎಂದು ಯಾರಾದರೂ ಕಾದದ್ದು ಅದೇ ಮೊದಲು. ಅಪ್ಪ ಎಳೆಯುವುದು, ನಾನು ಇಣುಕುವುದು, ಹೂಂ ಅನ್ನುವುದು, ಅಪ್ಪ ತಿರುಗಿಸುವುದು. ಅರವತ್ತು ದಾಟಿತ್ತೋ ಏನೋ, ಹಿಡಿ ಅರ್ಧದಲ್ಲಿ ಸಿಕ್ಕಿಕೊಂಡಿತು. ಅಪ್ಪ ಅದನ್ನು ಮೇಲೆತ್ತಿ, ಏನೋ ಸರಿಮಾಡಿ, ಮತ್ತೆ ಎಳೆದರು. ಎಳೆಯುತ್ತಲೇ ಕೇಳಿದರು:

“ಆ ಎನ್‌ಜಿಒದವ್ರು ಇನ್ನೂ ನಿನ್ನ ಅಪ್ಲಿಕೇಶನ್ ನೋಡ್ತಾನೇ ಇದಾರಾ?”

ಅವರು ಬೇಡವೆಂದು ಬರೆದು ಮೂರು ವಾರವಾಗಿತ್ತು. ನೆಲ ನೋಡಿಕೊಂಡು “ಹೂಂ” ಅಂದೆ.

ತಟ್ಟೆ ತಿರುಗಿತು.

ನಾನು ತಲೆಯೆತ್ತುವಷ್ಟರಲ್ಲಿ ಆ ಕೇಸಿನ ಬಾಯಿಗೆ ಗುಂಡು ಕೂತಾಗಿತ್ತು. ಆಗಲೇ ಹೇಳಬಹುದಿತ್ತು. ಹೇಳಿದರೆ, ಹಾಗಾದರೆ ಹೂಂ ಅಂದದ್ದು ಯಾತಕ್ಕೆ ಎಂದು ಕೇಳುತ್ತಿದ್ದರು; ಎನ್‌ಜಿಒದ ಮಾತು ಹೊರಬರುತ್ತಿತ್ತು. ಮುಂದಿನ ಕೇಸಿನೊಳಗೆ ಇಣುಕಿದೆ. ಎರಡು ನಿಮಿಷದಲ್ಲಿ ಅದು ಉಳಿದವುಗಳ ಜೊತೆ ಡಬ್ಬಿಗೆ ಬಿದ್ದು ಬೆರೆತುಹೋಯಿತು.

ಸಂಜೆ ಅಪ್ಪ ಇಪ್ಪತ್ತಿಪ್ಪತ್ತನ್ನು ತಕ್ಕಡಿಗೆ ಹಾಕಿ, ಕಾರ್ಖಾನೆಯಲ್ಲಿ ಮಾತ್ರೆಗಳನ್ನು ತೂಗುವ ಹಾಗೆ ತೂಗಿದರು. “ಸರಾಸರಿ ಕರೆಕ್ಟಾಗಿದೆ!” ಎಂದು ಹಿಗ್ಗಿದರು. ನಾನು ಓದಿದ್ದು ಸಂಖ್ಯಾಶಾಸ್ತ್ರ. ಸರಾಸರಿಯ ಹಿಂದೆ ಕೆಟ್ಟದ್ದೊಂದು ಎಷ್ಟು ಆರಾಮಾಗಿ ಅಡಗಿ ಕೂರಬಲ್ಲದು ಎಂಬುದು ನನಗೆ ಗೊತ್ತು. ಅವರು ಸ್ನಾನಕ್ಕೆ ಹೋದಾಗ ಒಂದೊಂದನ್ನೇ ತೂಗಿ ನೋಡಿದೆ. ಕೇಸುಗಳ ತೂಕವೇ ಒಂದರಂತೆ ಒಂದಿರಲಿಲ್ಲ. ನಾಲ್ಕು ಹೆಚ್ಚು ತೂಗಿದವು. ಅವುಗಳಲ್ಲಿ ಒಂದೋ, ಒಂದೂ ಅಲ್ಲವೋ, ತಿಳಿಯಲಿಲ್ಲ. ನೀರಿನ ಸದ್ದು ನಿಂತಿತು. ಎಲ್ಲವನ್ನೂ ಡಬ್ಬಿಗೆ ಸುರಿದು ಹೊರಗೆ ಬಂದೆ.

ಭಾನುವಾರ ಒಂಬತ್ತಕ್ಕೆ ಕಿಲಿಮಾನಿಯಿಂದ ಅಪ್ಪನ ಕ್ಲಬ್ಬಿನ ಗೆಳೆಯ ಮಹಾಬಲೇಶ್ವರ ಅಂಕಲ್ ಬಂದರು. ಗೇಟು ತೆರೆದ ಕಾವಲುಗಾರನಿಗೆ “ಅಸಾಂಟೆ” ಎಂದು ಇಲ್ಲಿಯ ಭಾಷೆಯಲ್ಲಿ ಥ್ಯಾಂಕ್ಸ್ ಹೇಳಿ ಕೈಯೆತ್ತಿ, ಕಾರಿನಿಂದ ಇಳಿಯುವ ಮೊದಲೇ ಶುರುಮಾಡಿದರು.

“ಏನಯ್ಯಾ ಮಧು, ವಾರವೆಲ್ಲಾ ಆ ಮದ್ದು, ರಜಾ ದಿನ ಈ ಮದ್ದು! ಇದನ್ನ ಊಟಕ್ಕೆ ಮುಂಚೆ ತಗೋಬೇಕೋ, ಆಮೇಲೋ?”

“ನಿನಗೆ ಖಾಲಿ ಹೊಟ್ಟೇಲೇ. ತಮಾಷೆ ಬಿಡು, ನೂರಕ್ಕೆ ನೂರೂ ಚೆಕ್ ಆಗಿದೆ. ಒಂದೊಂದ್ರೊಳಗೂ ಇವಳು ಕಣ್ಣಿಟ್ಟು ನೋಡಿದಾಳೆ.”

“ಓಹೋ! ಸಮೀಕ್ಷಾ ಅಂತ ಹೆಸರಿಟ್ಟಿದ್ದು ಈಗ ಸಾರ್ಥಕ ಆಯ್ತು ನೋಡು. ಹಾಗಿದ್ರೆ ಮೊದಲ ಹತ್ತು ನಂದು. ಹೆಂಗಮ್ಮಾ, ಹೊಡೀಬಹುದಾ?”

ಅಂಕಲ್ ಡಬ್ಬಿಗೆ ಕೈಚಾಚಿದರು. ಅಗಲವಾದ ಕೈ, ಕಿರುಬೆರಳಲ್ಲಿ ಹವಳದ ಉಂಗುರ. ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಅಪ್ಪನ ಮುಖದಲ್ಲಿ, ಎಂಟು ತಿಂಗಳಲ್ಲಿ ನಾನು ಕಾಣದಿದ್ದ ಒಂದು ಹೆಮ್ಮೆ ಇತ್ತು. ಹೂಂ ಎನ್ನುವುದು ಎಷ್ಟು ಸುಲಭ. ಬಾಯಿಯನ್ನೂ ತೆರೆಯಬೇಕಾಗಿಲ್ಲ.

“ಯಾಕೆ ಪುಟ್ಟಿ?” ಎಂದರು ಅಪ್ಪ.

ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

“ಕೊಡಬೇಡಿ ಅಪ್ಪ. ಹಿಡಿ ಸಿಕ್ಕೊಂಡಿತ್ತಲ್ಲ, ಆಗ ಒಂದನ್ನ ನಾನು ನೋಡ್ಲೇ ಇಲ್ಲ. ಯಾವುದು ಅಂತ ಗೊತ್ತಿಲ್ಲ.”