ಎಡಸೀಟಿನ ಬ್ರೇಕು

ಎಪ್ಪತ್ತಾರರಲ್ಲಿ ನಮ್ಮ ವಿಜಾಪುರದ ಕಾರು ಕ್ಲಬ್ಬೆಂದರೆ ಮೂರು ಅಂಬಾಸಿಡರ್, ಒಂದು ಜೀಪು, ಉಳಿದದ್ದೆಲ್ಲ ಬರೀ ಬಡಾಯಿ. ರವಿವಾರದ ಪಂದ್ಯಕ್ಕೆಂದು ಬಬಲೇಶ್ವರದ ಕಡೆಯ ಕಚ್ಚಾ ದಾರಿಗೆ ಸುಣ್ಣದ ಗೆರೆ ಎಳೆದಾಗಿತ್ತು. ಜೀಪು ಓಡಿಸುವವನು ಅಮೋಘಿ. ಅವನ ಎಡಕ್ಕೆ ಕೂತು ತಿರುವುಗಳನ್ನು ಕೂಗಿ ಹೇಳುವವನು ನಾನು. ಹೋದ ವರ್ಷ ಅವನ ಅಣ್ಣ ಸಿದ್ದರಾಯನಿಗೂ ನಾನೇ ಹೇಳುತ್ತಿದ್ದೆ. ಹಾಳುಬಾವಿಯ ತಿರುವಿನಲ್ಲಿ ಇದೇ ಜೀಪು ಪಲ್ಟಿಯಾಯಿತು. ಸಿದ್ದರಾಯ ಹೋದ, ನಾನು ಉಳಿದೆ.

ಶನಿವಾರ ಸಂಜೆ ತಾಲೀಮಿಗೆ ಹೊರಟೆವು. ಬಾವಿ ಹತ್ತಿರ ಬಂದರೂ ಅಮೋಘಿ ವೇಗ ಇಳಿಸಲಿಲ್ಲ.

"ಬಲಕ್ಕ! ಸಾವಕಾಶ ಲೇ!" ಎಂದು ಒದರಿದೆ. ನನ್ನ ಬಲಗಾಲು ತಾನಾಗಿಯೇ ಕೆಳಗಿನ ತಗಡನ್ನು ಬಲವಾಗಿ ಒತ್ತಿತು. ಎಡಸೀಟಿನ ಮುಂದೆ ಬ್ರೇಕು ಎಲ್ಲಿಂದ ಬರಬೇಕು? ಆದರೂ ಜೀಪಿನ ಓಟ ತಗ್ಗಿತು. ತಿರುವು ದಾಟಿ, ಬಾವಿಯ ಪಕ್ಕ ನಿಂತಿತು.

"ಚಲೋ ವ್ಯಾಳ್ಯಾಕ ಬ್ರೇಕ್ ಹಾಕಿದಿ ಬಿಡು," ಎಂದೆ.

ಅಮೋಘಿಯ ಮೋರೆ ಬೆವರಿನಿಂದ ತೊಯ್ದಿತ್ತು. "ನಾ ಎಲ್ಲಿ ಹಾಕೇನ್ರಿ ಮಾಮಾ? ನನ್ನ ಕಾಲು ಇನ್ನೂ ಎಕ್ಸಿಲೇಟರ್ ಮ್ಯಾಲೇ ಐತಿ."

ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಕೆಳಗಿಳಿದು, ಬಗ್ಗಿ, ಆ ತಗಡಿಗೆ ಮುಷ್ಟಿಯಿಂದ ಗುದ್ದಿದೆ. ಹೋದ ವರ್ಷವೂ ಇದೇ ಕಾಲು ಇಲ್ಲೇ ಒತ್ತಿತ್ತು, ಚಪ್ಪಲಿಯ ಉಂಗುಟ ಹರಿಯುವಷ್ಟು.

"ಆವಾಗ ಎಲ್ಲಿ ಹೋಗಿದ್ದಿ?" ಎಂದು ಗಂಟಲು ಹರಿಯುವಂತೆ ಕೇಳಿದೆ.

ನೀರಿಲ್ಲದ ಬಾವಿ, ಒಂದು ಗಳಿಗೆ ತಡೆದು, ಅದೇ ಮಾತನ್ನು ತಿರುಗಿ ನನ್ನನ್ನೇ ಕೇಳಿತು.