ಗ್ಯಾಲರಿಯಿಂದ ಬಿದ್ದ ಜರ್ಸಿಗಳು

ನೀಲಾವತಿ ಹನ್ನೊಂದು ವರ್ಷದಿಂದ ಹಾರ್ಬರ್ ಸ್ಟಾರ್ಸ್ ಫುಟ್‌ಬಾಲ್ ತಂಡದ ಬಟ್ಟೆ ಒಗೆಯುತ್ತಿದ್ದಳು. ವಿಜಯಪುರದ ಕಡೆಯಿಂದ ಮದುವೆಯಾಗಿ ಮುಂಬಯಿಯ ಆಂಟಾಪ್ ಹಿಲ್‌ಗೆ ಬಂದವಳು. ಗಂಡ ನೀಲಕಂಠಪ್ಪ ಕಾಮಾಲೆಯಾಗಿ ತೀರಿಕೊಂಡಾಗ ಮಗಳು ಸ್ನೇಹಲ್ ಇನ್ನೂ ಶಾಲೆಯ ಮೂರನೇ ಇಯತ್ತೆಯಲ್ಲಿದ್ದಳು. ಕಾಂದಿವಲಿಯ ಕಾರ್ಖಾನೆಗಳ ಹಿಂದೆ ಒಂದು ತಂಡ ಪ್ರಾಕ್ಟೀಸ್ ಮಾಡುತ್ತದೆ, ಅಲ್ಲಿ ಬಟ್ಟೆ ನೋಡಿಕೊಳ್ಳಲು ಹೆಂಗಸು ಬೇಕಂತೆ ಎಂದು ಚಾಳಿನ ಯಾರೋ ಹೇಳಿದರು. ಹೋದಳು. ಅಂದಿನಿಂದ ದಿನಾ ಬಸ್ಸಿನಲ್ಲಿ ದಾದರ್, ಅಲ್ಲಿಂದ ಲೋಕಲ್ ರೈಲು ಹಿಡಿದು ಕಾಂದಿವಲಿ.

ಫುಟ್‌ಬಾಲ್ ಅವಳಿಗೆ ಗೊತ್ತಾದದ್ದು ಬಟ್ಟೆಯಿಂದಲೇ. ಜಾರಿ ಬಿದ್ದು ಚೆಂಡು ಕಸಿಯುವವನ ಚಡ್ಡಿಯ ಬಲಮಗ್ಗುಲು ಸದಾ ಹಸಿರು. ರಕ್ತದ ಕಲೆಗೆ ತಣ್ಣೀರು, ಹುಲ್ಲಿನ ಕಲೆಗೆ ವಿನೆಗರ್. ಜರ್ಸಿಯನ್ನು ತಿರುವಿ ಹಾಕದೆ ನಂಬರಿನ ಮೇಲೆ ಇಸ್ತ್ರಿ ಇಡುವಂತಿಲ್ಲ. ಯಾರದಾದರೂ ಜರ್ಸಿ ವಾರಗಟ್ಟಲೆ ಕೊಳೆಯಾಗದೆ ಬರತೊಡಗಿದರೆ, ಆ ಹುಡುಗನ ಮನಸ್ಸು ಬೇರೆ ತಂಡದ ಕಡೆ ಹೊರಳಿದೆ ಎಂಬುದು ಕೋಚ್‌ಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಆದರೆ ತಂಡಕ್ಕೆ ತಂಡವೇ ಹೊರಟು ನಿಂತದ್ದು ಯಾವ ಬಟ್ಟೆಯಲ್ಲೂ ಕಾಣಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಮ್ಯಾನೇಜರ್ ಸುಹಾಸ ಎಲ್ಲರನ್ನೂ ಕರೆದು ವಿಷಯ ಹೇಳಿದ. ಸುಹಾಸನ ಮನೆಯವರು ಉಡುಪಿಯವರು. ತಂಡದಲ್ಲಿ ನೀಲಾವತಿಯ ಜೊತೆ ಕನ್ನಡ ಮಾತಾಡುತ್ತಿದ್ದವನು ಅವನೊಬ್ಬನೇ. ಮುಂದಿನ ಸೀಸನ್‌ನಿಂದ ತಂಡ ರಾಯಪುರದ್ದು ಎಂದ. ಹೆಸರೂ ಬದಲಾಗುತ್ತದೆ.

ಸಭೆ ಮುಗಿದ ಮೇಲೆ ಅವಳು ಅವನ ಕೋಣೆಗೆ ಹೋದಳು.

"ಯಾಕ ಹೊಂಟೀವ್ರಿ ಸರ? ನಾವೇನು ಅಷ್ಟು ಸೋತಿಲ್ಲಲ್ರೀ."

"ಸೋತದ್ದಕ್ಕೆ ಅಲ್ಲ ನೀಲಕ್ಕ. ನಮಗೆ ಮ್ಯಾಚ್ ಆಡ್ಲಿಕ್ಕೆ ಸ್ವಂತ ಗ್ರೌಂಡ್ ಇಲ್ಲ. ಬಾಡಿಗೆ ಸ್ಟೇಡಿಯಂನಲ್ಲಿ ನಮಗಿಂತ ಮೊದಲು ಸಂಗೀತದವರಿಗೆ ಡೇಟ್ ಸಿಗ್ತದೆ. ಹೋದ ವರ್ಷ ನಮ್ಮ ನಾಲ್ಕು ಹೋಮ್ ಮ್ಯಾಚ್ ಪುಣೆಯಲ್ಲಿ ಆಡಿದೆವು, ನೆನಪುಂಟಲ್ಲ? ಮತ್ತೆ ನೋಡ್ಲಿಕ್ಕೆ ಬರುವವರು ಎಷ್ಟು ಜನ? ಸಾವಿರ, ಸಾವಿರದಿನ್ನೂರು. ಅಲ್ಲಿ ಹೊಸ ಸ್ಟೇಡಿಯಂ, ಹುಡುಗರಿಗೆ ಹಾಸ್ಟೆಲ್ ಎಲ್ಲ ಕೊಡ್ತಾರಂತೆ. ಮಾಲಕರು ಬೇಡ ಅಂತಾರಾ?"

"ಹಂಗಂತ ಊರಿನ ಟೀಮ್ ಊರು ಬಿಟ್ಟು ಹೋಗಾಕ ಬರ್ತೈತೇನ್ರಿ?"

ಸುಹಾಸ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. "ಟೀಮ್ ಅಂದ್ರೆ ಊರಿನದ್ದು ಅಂತ ನಾವು ತಿಳ್ಕೊಂಡದ್ದು. ಕಾಗದದಲ್ಲಿ ಅದು ಒಂದು ಲೈಸೆನ್ಸ್ ಅಷ್ಟೆ. ಅದನ್ನು ಹಿಡ್ಕೊಂಡವರು ಎಲ್ಲಿ ಹೋಗ್ತಾರೋ ಅಲ್ಲಿಗೆ ಟೀಮ್."

ಅವಳಿಗೆ ಅದು ಅರ್ಥವಾಯಿತು, ಒಪ್ಪಿಗೆಯಾಗಲಿಲ್ಲ. "ನಮ್ಮ ಮಷೀನು ಯಾವ ಲಾರ್‍ಯಾಗ ಹಾಕೂದ್ರಿ? ಪೈಪ್ ಬಿಚ್ಚಿ ಇಡ್ತೀನಿ," ಎಂದಳು. ಸ್ನೇಹಲ್‌ಳನ್ನು ಅಕ್ಕ ಸುಂದ್ರವ್ವನ ಮನೆಯಲ್ಲಿ ಬಿಟ್ಟು ತಾನು ರಾಯಪುರಕ್ಕೆ ಹೋಗುವುದೆಂದು ಸಭೆಯಲ್ಲಿ ಕೂತಲ್ಲೇ ಲೆಕ್ಕ ಹಾಕಿಬಿಟ್ಟಿದ್ದಳು.

ಸುಹಾಸ ತಲೆ ಎತ್ತಲಿಲ್ಲ. "ಮಷೀನು ತಗೊಂಡು ಹೋಗುದಿಲ್ಲ ನೀಲಕ್ಕ. ಅಲ್ಲಿ ಲಾಂಡ್ರಿ ಹೊರಗಿನವರಿಗೆ ಕೊಟ್ಟಾಗಿದೆ. ನಾನು ಕೇಳಿದೆ. ಎರಡು ಸಲ ಕೇಳಿದೆ."

"ಆತ್ರಿ," ಎಂದು ಅವಳು ಹೊರಗೆ ಬಂದಳು. ಅಂದು ಒಗೆಯಲು ಮೂವತ್ತೆರಡು ಜೊತೆ ಕಾಲುಚೀಲ ಇದ್ದವು. ಒಗೆದಳು.

ಕೊನೆಯ ಹೋಮ್ ಮ್ಯಾಚ್ ಮಾರ್ಚ್ ತಿಂಗಳ ಒಂದು ಭಾನುವಾರ. ಸುದ್ದಿ ಹಬ್ಬಿದ್ದರಿಂದ ಎಂದೂ ಬಾರದವರೂ ಬಂದಿದ್ದರು. ಪೂರ್ವದ ಗ್ಯಾಲರಿಯಲ್ಲಿ ಮಾತ್ರ ವರ್ಷಗಳಿಂದ ಬರುತ್ತಿದ್ದ ಇನ್ನೂರು ಮುನ್ನೂರು ಮಂದಿ ಒಟ್ಟಿಗೆ ಕೂತಿದ್ದರು. ಅವರಲ್ಲಿ ಕೆಲವರನ್ನು ನೀಲಾವತಿ ಮುಖದಿಂದ ಬಲ್ಲಳು. ಆ ದಿನ ಅವರು ಡೋಲು ಬಾರಿಸಲಿಲ್ಲ, ಕೂಗಲಿಲ್ಲ. ತೊಂಬತ್ತು ನಿಮಿಷ ಕೈ ಕಟ್ಟಿ ಕೂತರು. ತಂಡ ಎರಡು ಗೋಲಿನಿಂದ ಗೆದ್ದಿತು. ಸೀಟಿ ಊದಿದ ಮೇಲೆ ಆಟಗಾರರು ಕೈ ಮುಗಿಯಲು ಆ ಕಡೆ ನಡೆದಾಗ, ಮೊದಲು ಒಬ್ಬ ಎದ್ದು ತನ್ನ ನೀಲಿ ಜರ್ಸಿ ತಲೆಯ ಮೇಲಿಂದ ಕಳಚಿ ಮೈದಾನಕ್ಕೆ ಎಸೆದ. ಆಮೇಲೆ ಇನ್ನೊಬ್ಬ. ಆಮೇಲೆ ಸಾಲುಸಾಲಾಗಿ ಎಲ್ಲರೂ. ಬನಿಯನ್ನಿನಲ್ಲಿ, ಬರಿಮೈಯಲ್ಲಿ, ಒಂದು ಮಾತೂ ಆಡದೆ ಮೆಟ್ಟಿಲಿಳಿದು ಹೋದರು. ಹೆಂಗಸರು ಎಸೆಯಲೆಂದೇ ಜರ್ಸಿಯನ್ನು ಚೀಲದಲ್ಲಿ ತಂದಿದ್ದರು.

ಆಟಗಾರರು ಅಳುತ್ತ ಒಳಗೆ ಹೋದರು. ಸ್ಟೇಡಿಯಂನ ಕಸದವರು ದೊಡ್ಡ ಪೊರಕೆ ಹಿಡಿದು ಬಂದು, ನೀರು ಬಿಟ್ಟ ಅಂಚಿನ ಕೆಸರಿನಲ್ಲೇ ಎಲ್ಲವನ್ನೂ ರಾಶಿ ಒಟ್ಟತೊಡಗಿದರು. ನೀಲಾವತಿಗೆ ಅದನ್ನು ನೋಡಲಾಗಲಿಲ್ಲ. ಓಡಿಹೋಗಿ ಪೊರಕೆಗೆ ಅಡ್ಡ ನಿಂತಳು.

"ಭಯ್ಯಾ, ರುಕೋ. ಯೇ ಕಚರಾ ನಹೀ ಹೈ."

ಚೆಂಡು ತುಂಬುವ ಬಲೆಚೀಲಗಳಲ್ಲಿ ಒಂದೊಂದನ್ನೇ ಕೊಡವಿ ತುಂಬಿದಳು. ಇನ್ನೂರ ಅರವತ್ತಮೂರು ಜರ್ಸಿ. ಸುಹಾಸ ತಂಡದ ಬಸ್ಸಿನ ಹಿಂಬಾಗಿಲು ತೆಗೆದ.

ಎರಡು ದಿನ ಎರಡೂ ಮಷೀನು ಓಡಿದವು. ತಂಡದವರ ಜರ್ಸಿಗೆ ಬೆವರು, ಹುಲ್ಲು ಅಂಟಿರುತ್ತಿತ್ತು. ಇವುಗಳಲ್ಲಿ ವಡಾಪಾವಿನ ಚಟ್ನಿ, ಮಕ್ಕಳು ಚೆಲ್ಲಿದ ಹಾಲು, ಹೊಲಿಗೆ ಬಿಚ್ಚಿದ ಕಂಕುಳು. ಕೆಲವುಗಳ ಬೆನ್ನಿಗೆ ಏಳು ವರ್ಷದ ಹಿಂದೆ ತಂಡ ಬಿಟ್ಟುಹೋದ ಹುಡುಗರ ಹೆಸರಿತ್ತು. ಕಾಂದಿವಲಿಯ ಪ್ರಾಕ್ಟೀಸ್ ಮೈದಾನದ ಬೇಲಿಯುದ್ದಕ್ಕೂ ಹಗ್ಗ ಕಟ್ಟಿ ಒಣಹಾಕಿದಳು. ಸುಹಾಸ ಫೋಟೋ ತೆಗೆದು ಅಭಿಮಾನಿಗಳ ಗ್ರೂಪಿಗೆ ಹಾಕಿದ: ಬೇಕಾದವರು ಬಂದು ಒಯ್ಯಬಹುದು.

ಮೊದಲ ದಿನ ಯಾರೂ ಬರಲಿಲ್ಲ. ಮರುದಿನ ಒಬ್ಬ ಹೆಂಗಸು ಬಂದು ಮಗುವಿನ ಅಂಗಿಯನ್ನಷ್ಟೇ ತೆಗೆದುಕೊಂಡಳು. ಬ್ಯಾಂಕಿನವನ ಹಾಗೆ ಇಸ್ತ್ರಿ ಅಂಗಿ ತೊಟ್ಟ ಒಬ್ಬಾತ ಗೇಟಿನ ಹೊರಗೇ ಬಹಳ ಹೊತ್ತು ನಿಂತಿದ್ದು, ಆಮೇಲೆ ಒಳಗೆ ಬಂದು, "ಸಿಟ್ಟಿನಲ್ಲಿ ಎಸೆದೆ, ಇದು ನನ್ನ ತಮ್ಮನದು, ಅವನು ಈಗಿಲ್ಲ," ಎಂದು ಮರಾಠಿಯಲ್ಲಿ ಹೇಳಿ ಮುಖ ತಿರುಗಿಸಿಕೊಂಡು ಹೋದ. ವಾರ ಕಳೆಯುವುದರೊಳಗೆ ಹೆಚ್ಚಿನವು ಹೋದವು. ಉಳಿದವನ್ನು ಸುಹಾಸ ಹುಡುಗರ ಶಾಲೆಗೆ ಕೊಡಿಸಿದ. ಒಂದನ್ನು ಮಾತ್ರ ನೀಲಾವತಿ ಕೊಡಲಿಲ್ಲ.

ಅದರ ಕಾಲರಿನ ಒಳಗೆ ಕೆಂಪು ದಾರದಲ್ಲಿ ಕನ್ನಡ ಅಕ್ಷರ ಹೊಲಿದಿತ್ತು: ಪೂವಪ್ಪ, ಮುಲುಂಡ್. ಹೋಟೆಲ್ ಕೆಲಸಗಾರರ ಕೋಣೆಗಳಲ್ಲಿ ಹತ್ತಾರು ಜನ ಒಟ್ಟಿಗೆ ಇರುವವರು ಬಟ್ಟೆ ಅದಲುಬದಲಾಗದಂತೆ ಹೀಗೆ ಹೆಸರು ಹೊಲಿದುಕೊಳ್ಳುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಸುಹಾಸ ಗ್ರೂಪಿನಲ್ಲಿ ವಿಚಾರಿಸಿ ವಿಳಾಸ ತಂದುಕೊಟ್ಟ.

ಮುಲುಂಡಿನ ಆ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಬಾಗಿಲು ತೆಗೆದವಳು ಕಾಲೇಜು ಹುಡುಗಿ. "ಅಜ್ಜ ಇದ್ದಾರೆ... ಬಟ್ ಅವರು ಯಾರ ಜೊತೆ ಮಾತು... ಬಾತ್ ನಹೀ ಕರ್ತೇ ಆಜ್‌ಕಲ್," ಎಂದು ತಡವರಿಸಿದಳು. ಹೆಸರು ಯಕ್ಷಿತಾ, ಮೊಮ್ಮಗಳು. ತಾನು ತಂಡದ ಬಟ್ಟೆ ಒಗೆಯುವವಳೆಂದು ಹೇಳಿ ನೀಲಾವತಿ ಒಳಗೆ ಹೋದಳು.

ಪೂವಪ್ಪ ಕಿಟಕಿಯ ಬಳಿ ಕೂತಿದ್ದರು. ಎಪ್ಪತ್ತರ ಹತ್ತಿರದ ತೆಳ್ಳನೆ ಮನುಷ್ಯ. ಜರ್ಸಿ ನೋಡಿದ್ದೇ, "ಅದು ನನಗೆ ಬೇಡ," ಎಂದರು.

"ಬ್ಯಾಡಂದ್ರ ನಾ ಒಯ್ತೀನ್ರಿ ಅಜ್ಜಾರ. ಆದ್ರ ಹೆಸರು ಹೊಲದೀರಲ್ರೀ, ಯಾರಿಗಿ ಕೊಡ್ಲಿ?"

ಅವರು ಮೊಮ್ಮಗಳಿಗೆ ಚಾ ಮಾಡಲು ಹೇಳಿದರು. ಚಾ ಬಂದು, ಆರಿ, ಅರ್ಧವಾದ ಮೇಲೆ ತಾವಾಗಿಯೇ ಮಾತು ತೆಗೆದರು.

"ಹೆಸರು ಹೊಲಿದದ್ದು ನನ್ನ ಹೆಂಡತಿ, ರಾಜೀವಿ. ಹೋಗಿ ಆರು ವರ್ಷ ಆಯ್ತು. ನಾನು ಹದಿನಾಲ್ಕನೇ ವಯಸ್ಸಿಗೆ ಈ ಊರಿಗೆ ಬಂದವ ಅಮ್ಮಾ. ಟೇಬಲ್ ಒರೆಸಿದೆ, ಸಪ್ಲೈ ಮಾಡಿದೆ, ಕಡೆಗೆ ಗಲ್ಲೆಯಲ್ಲಿ ಕೂತೆ. ಇಷ್ಟು ವರ್ಷದಲ್ಲಿ ಸಿಕ್ಕಿದವರೆಲ್ಲ ಕೇಳಿದ್ದು ಒಂದೇ, ನಿಮ್ಮ ಊರು ಯಾವುದು ಅಂತ. ಊರಿಗೆ ಹೋದರೆ ಅಲ್ಲಿಯವರು ಕೇಳ್ತಾರೆ, ಬೊಂಬಾಯಿಂದ ಯಾವಾಗ ಬಂದದ್ದು ಅಂತ. ಆ ಗ್ಯಾಲರಿಯಲ್ಲಿ ಮಾತ್ರ ಯಾರೂ ಏನೂ ಕೇಳ್ಲಿಲ್ಲ. ನೀಲಿ ಅಂಗಿ ಹಾಕಿದ್ರೆ ಸಾಕು, ಜಾಗ ಬಿಡ್ತಿದ್ರು."

ಅವರು ಚಾದ ಲೋಟ ಕೆಳಗಿಟ್ಟು ಕೇಳಿದರು: "ನೀವು ಹೋಗ್ತೀರಲ್ಲ ಅವರ ಸಂಗಡ?"

"ಇಲ್ರಿ. ನನ್ನ ಕರದಿಲ್ಲ."

"ಕರೀಲಿಲ್ವಾ?"

"ಇಲ್ರಿ."

ಹನ್ನೊಂದು ವರ್ಷ ಎಂದು ಹೇಳಲು ಹೋದಳು, ಆಗಲಿಲ್ಲ. ಸಭೆಯ ದಿನದಿಂದ ಈ ವಿಷಯಕ್ಕೆ ಮಗಳ ಮುಂದೆಯೂ ತೆರೆಯದ ಬಾಯಿ ಅದು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಯಕ್ಷಿತಾ ನೀರಿನ ಲೋಟ ತಂದಿಟ್ಟು ಪಕ್ಕದಲ್ಲಿ ನೆಲದ ಮೇಲೆ ಕೂತಳು. ಸುಮಾರು ಹೊತ್ತಿನ ಮೇಲೆ ಮುದುಕರು ಕೈ ಚಾಚಿ ಜರ್ಸಿ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು.

ಏಪ್ರಿಲ್‌ನಲ್ಲಿ ಲಾರಿಗಳು ಹೋದವು. ಬೀಗದಕೈ ಕೊಡಲು ಬಂದ ನೀಲಾವತಿಯ ಕಾಲಿಗೆ ಮೂವರು ಆಟಗಾರರು ಬಿದ್ದರು. ಗೋಲ್‌ಕೀಪರ್ ಹುಡುಗ ತನ್ನ ಕೈಗವಸು ಕೊಟ್ಟ. ಪ್ರಾಕ್ಟೀಸ್ ಮೈದಾನದ ಸುತ್ತ ತಗಡು ಹೊಡೆದರು. ಅವಳಿಗೆ ಒಂದು ಆಸ್ಪತ್ರೆಯಲ್ಲಿ ಹೊದಿಕೆ, ದಿಂಬಿನ ಚೀಲ ಒಗೆಯುವ ಕೆಲಸ ಸಿಕ್ಕಿತು. ಅಲ್ಲಿಯ ಬಟ್ಟೆಗಳೆಲ್ಲ ಒಂದೇ ಬಿಳುಪು. ಯಾರವು ಎಂದು ಯಾರೂ ಬರೆದಿರುವುದಿಲ್ಲ.

ಅಕ್ಟೋಬರ್‌ನ ಒಂದು ಸಂಜೆ ಊಟದ ಡಬ್ಬಿ ತೊಳೆಯುತ್ತಿದ್ದಾಗ ಪೂವಪ್ಪನವರ ಫೋನ್ ಬಂತು.

"ಇವತ್ತು ರಾಯಪುರದಲ್ಲಿ ಅವರದ್ದು ಮೊದಲ ಮ್ಯಾಚ್. ಗೊತ್ತುಂಟಾ?"

"ಗೊತ್ತೈತ್ರಿ."

"ನಾನು ನೋಡುದಿಲ್ಲ."

"ನಾನೂ ನೋಡಂಗಿಲ್ರಿ ಅಜ್ಜಾರ."

ಅವರ ಹಿಂದೆ ಟಿವಿಯಲ್ಲಿ ಜನರ ಗದ್ದಲವೂ ಹಿಂದಿಯ ವಿವರಣೆಯೂ ಕೇಳಿಸುತ್ತಿದ್ದವು. ನೀಲಾವತಿ ಡಬ್ಬಿಯನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಮೆಲ್ಲಗೆ ಕೇಳಿದಳು:

"ಎಷ್ಟಾಗೇತ್ರಿ?"

"ಎದುರಿನವರಿಗೆ ಒಂದು ಗೋಲು ಕೊಟ್ಟಾಯ್ತು. ನಮ್ಮ ಹುಡುಗರಿಗೆ ಆ ಗ್ರೌಂಡ್ ಇನ್ನೂ ಗೊತ್ತಿಲ್ಲ."

"ಗೊತ್ತಾಗ್ತೈತ್ರಿ," ಎಂದು ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತಳು.