ಅಂಬಾರಿ ಜಾರಿದ ಆನೆ

ಕುಸುಮಾ ಎಳೆದ ರಭಸಕ್ಕೆ ಫ್ಲೆಕ್ಸಿನ ಮೂಲೆ ಹರಿದು ಕೈಗೆ ಬಂತು. ಉಳಿದದ್ದು ಗೇಟಿನ ಮೇಲೆ ಜೋತುಬಿತ್ತು. ಅದರಲ್ಲಿ ತೀರಿಕೊಂಡ ಅಪ್ಪ ಕರಿಬಸಪ್ಪನ ಫೋಟೋ, ಹಿಂದೆ ಚೂಪು ಮೂತಿಯ ಬಿಳಿ ಎಕ್ಸ್‌ಪ್ರೆಸ್ ರೈಲು.

"ಹೆಣ ಇನ್ನೂ ಅಂಗಳದಲ್ಲೈತೆ, ಈಗ್ಲೇ ಶುರು ಹಚ್ಕಂಡ್ಯಾ?" ಚಿಕ್ಕಪ್ಪ ಶಾಂತಮಲ್ಲಪ್ಪ ಹೆಗಲ ಮೇಲಿನ ಹಸಿರು ಶಾಲು ಕೊಡವಿದ.

"ಅಪ್ಪ ಓಡಿಸಿದ್ದು ಇದಲ್ಲ ಚಿಕ್ಕಪ್ಪ. ಬದುಕಿದ್ದಾಗ ಆಟದ ರೈಲು ಅಂತ ಆಡ್ಕೊಂಡು ನಕ್ಕೋರು ನೀವು. ಈಗ ದೊಡ್ಡ ರೈಲು ಬೇಕಾಯ್ತಾ?"

"ಮಠದ ಸ್ವಾಮ್ಗಳು ಬರ್ತಾವ್ರೆ. ಸಿಮೆಂಟ್ ಫ್ಯಾಕ್ಟ್ರಿ ಒಳಗೆ ಗೂಡ್ಸ್ ಡಬ್ಬ ತಳ್ತಿದ್ದ ಅಂತ ಬರೆಸ್ಲಾ?"

ಅವನ ಮಗ ಕೀರ್ತಿಕುಮಾರ್ ಫೋನ್ ಮುಂದೆ ಹಿಡಿದ. "ತಗಳಕ್ಕ, ಸಣ್ಣ ಇಂಜಿನ್ನೇ ಇಷ್ಟೈತೆ. ದೊಡ್ಡಪ್ಪಂದು ಯಾವ್ದು ಹೇಳು, ಸೋಮವಾರಪೇಟೇಲಿ ಬೇರೆ ಹೊಡೆಸ್ತೀನಿ. ಗೊತ್ತಿಲ್ಲ ಅಂದ್ರೆ ಬಾಯ್ಮುಚ್ಕಂಡು ಇದನ್ನೇ ಕಟ್ಟು."

ಹಳದಿ ಬಳಿದ ಡೀಸೆಲ್ ಇಂಜಿನ್ನುಗಳು, ಒಂದರಂತೆ ಇನ್ನೊಂದು. ಕುಸುಮಾ ಒಂದೊಂದನ್ನೇ ಬೆರಳಿನಿಂದ ಸರಿಸಿದಳು. ಆ ಫ್ಯಾಕ್ಟರಿಯ ಗೇಟಿನೊಳಗೆ ಮನೆಯವರನ್ನು ಬಿಡುತ್ತಿರಲಿಲ್ಲ. ಕೊಡಗಿಗಂತೂ ರೈಲೇ ಇಲ್ಲ. ಅಪ್ಪನ ಇಂಜಿನ್ನನ್ನು ಅವಳು ಕಂಡದ್ದು ಚಿಕ್ಕಂದಿನಲ್ಲಿ ಅವನು ಹೇಳುತ್ತಿದ್ದ ಕತೆಯಲ್ಲಿ ಮಾತ್ರ.

*

"ನಮ್ಮ ಯಾರ್ಡಿನಾಗೆ ಎರಡು ಜಾತಿ, ಪುಟ್ಟಿ. ಡ್ರೈವರ್ ಗೂಡು ನಟ್ಟನಡುವೆ ಇದ್ರೆ ಅದು ಅಂಬಾರಿ ಹೊತ್ತ ಆನೆ. ಮೂತಿ ಗಿಡ್ಡ, ರಾಜನ ಥರ ನೆಟ್ಟಗೆ ಕೂತ್ರೂ ಎಲ್ಲಾ ಕಾಣುತ್ತೆ. ಗೂಡು ಬಾಲದ ಕಡೆ ಸರಿದಿದ್ರೆ ಅದು ಅಂಬಾರಿ ಜಾರಿದ ಆನೆ. ಮೂತಿ ಉದ್ದ. ಬಲಗಡೆ ಕಿಟಕಿಯಿಂದ ಅರ್ಧ ಮೈ ಆಚೆ ಹಾಕಿದ್ರೇನೇ ಹಸಿರು ಬಾವುಟ ಬೀಸೋನು ಕಾಣೋದು."

ನಿಂದ್ಯಾವ್ದಪ್ಪ ಎಂದು ಕೇಳುವಷ್ಟರಲ್ಲಿ ಅವಳಿಗೆ ಅಪ್ಪನ ತೊಡೆಯ ಮೇಲೇ ನಿದ್ದೆ ಹತ್ತಿರುತ್ತಿತ್ತು.

*

"ಗೊತ್ತಿಲ್ಲ ಅಂತ ಒಪ್ಕೊ," ಕೀರ್ತಿ ಹಲ್ಲು ಕಿರಿದ.

ಅಷ್ಟರಲ್ಲಿ ವಿಭೂತಿ ಹಚ್ಚಿದ ಹೆಣವನ್ನು ಹೊತ್ತೊಯ್ಯುವ ಬಿದಿರಿನ ವಿಮಾನದಲ್ಲಿ ಕೂರಿಸುತ್ತಿದ್ದರು. "ರೈಲಿನೋನಿಗೆ ಕಡೆಗೂ ವಿಮಾನ," ಎಂದು ಯಾರೋ ಹಿಂದಿನಿಂದ ಕಿಸಕ್ಕೆಂದರು. ಹೆಣ ಬಲಕ್ಕೆ ವಾಲಿತು.

"ನೆಟ್ಟಗೆ ಕೂರ್ಸ್ರೋ! ಸ್ವಾಮ್ಗಳು ನೋಡಿದ್ರೆ ಏನಂದಾರು? ಇನ್ನೊಂದು ಪಂಚೆ ಬಿಗೀರಿ," ಶಾಂತಮಲ್ಲಪ್ಪ ಗದರಿದ.

ಬಿಗಿದರು. ಮತ್ತೆ ಬಲಕ್ಕೇ ವಾಲಿತು.

"ಎಳೀಬ್ಯಾಡಿ ಅವ್ರನ್ನ!" ಮೂಲೆಯಲ್ಲಿದ್ದ ತಾಯಿ ರುದ್ರಮ್ಮ ಎದ್ದೇ ಬಿಟ್ಟಳು. "ಮದ್ವೆ ಆದಾಗಿಂದ ಹಿಂಗೇ. ಉಣ್ಣಾಕೆ ಕೂತ್ರೂ ಬಲಕ್ಕೇ. ಹಸೆಮಣೆ ಮ್ಯಾಲೂ ನನ್ನ ಮೇಲೆ ವಾಲಿ ಮರ್ಯಾದೆ ಕಳೆದೋರು."

ಕುಸುಮಾ ತಾಯಿಯ ಮುಖ ನೋಡಿದಳು. ಆಮೇಲೆ ಅಪ್ಪನ ಹೆಗಲು ನೋಡಿದಳು. ಕೀರ್ತಿಯ ಕೈಯಿಂದ ಫೋನ್ ಕಿತ್ತುಕೊಂಡು, ಉದ್ದ ಮೂತಿಯ, ಗೂಡು ಬಾಲಕ್ಕೆ ಜಾರಿದ ಇಂಜಿನ್ನಿನ ಮೇಲೆ ಬೆರಳಿಟ್ಟಳು.

"ಇದು."

"ಕಣ್ಣಲ್ಲಿ ಕಾಣ್ದೆ ಹೆಂಗೆ ಹೇಳ್ತೀಯ?"

"ಅಪ್ಪ ಕೂತಿರೋದು ನೋಡು."

"ತಾಯಿಗೂ ಹುಚ್ಚು, ಮಗಳಿಗೂ ಹುಚ್ಚು. ಯಾವ ಫ್ಲೆಕ್ಸೂ ಬ್ಯಾಡ, ಹೊತ್ತಾಯ್ತು, ಎತ್ರಿ!" ಶಾಂತಮಲ್ಲಪ್ಪ ಉರಿದುಕೊಂಡು ರಸ್ತೆಗೆ ಇಳಿದ.

ರಸ್ತೆಯಲ್ಲಿ ದುಬಾರೆಯ ಆನೆ ಶಿಬಿರಕ್ಕೆ ಹೊರಟ ಕಾರುಗಳು ಸಾಲಾಗಿ ಹಾರ್ನ್ ಹೊಡೆಯುತ್ತಿದ್ದವು. ಶಾಂತಮಲ್ಲಪ್ಪ ಅವನ್ನು ಬೈದು ತಡೆದು ನಿಲ್ಲಿಸಿದ. ಹೆಗಲಿನ ಹಸಿರು ಶಾಲು ತೆಗೆದು, ಗೇಟಿನತ್ತ ತಿರುಗಿ ಸಿಟ್ಟಿನಿಂದ ಬೀಸಿದ. "ಬನ್ನಿ! ಬನ್ರೋ!"

ಬಿದಿರಿನ ಕಂಬದಾಚೆ ಬಲಕ್ಕೆ ಅರ್ಧ ಮೈ ಚಾಚಿ, ಆ ಹಸಿರಿನತ್ತ ಮುಖ ಮಾಡಿ, ಅಪ್ಪ ನಿಧಾನಕ್ಕೆ ಗೇಟು ದಾಟಿದ.